ಹೋಗುವ ದಾರಿಗಿಂತ ಮೊದಲು ಮರಳುವ ದಾರಿ: ಸೇಂಟ್ ಮೇರೀಸ್ ದ್ವೀಪಗಳಿಗೆ ಅಧ್ಯಯನ ಪ್ರವಾಸ

(ಗ್ರಾಮ ಪಂಚಾಯಿತಿ ಸದಸ್ಯರ ಸಮಾಲೋಚನಾ ಸಭೆಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಮಕ್ಕಳ ಗ್ರಾಮ ಸಭೆಯಲ್ಲಿ ಬರುವ ಬೇಡಿಕೆಗಳು ಬಹುಮಟ್ಟಿಗೆ ಸದಸ್ಯರಿಗೆ ಮೊದಲೇ ತಿಳಿದಿರುವಂಥವು. ಶೌಚಾಲಯಕ್ಕೆ ನೀರಿಲ್ಲ, ಕಾಂಪೌಂಡ್ ಗೋಡೆ ಬಿದ್ದಿದೆ, ಸಂಜೆಯ ಬಸ್ಸು ಶಾಲೆಯ ಮುಂದೆ ನಿಲ್ಲುವುದಿಲ್ಲ. ಇವುಗಳಿಗೆಲ್ಲ ನಡಾವಳಿ ಪುಸ್ತಕದಲ್ಲಿ ಸ್ಥಳವಿದೆ. ಒಮ್ಮೊಮ್ಮೆ ಮಾತ್ರ ಯಾವ ಕಲಮಿನಲ್ಲಿಯೂ ಕೂರದ ಬೇಡಿಕೆಯೊಂದು ಎದ್ದು ನಿಲ್ಲುತ್ತದೆ. ಘಟ್ಟದ ಮೇಲಿನ, ತೀರ್ಥಹಳ್ಳಿ ಸೀಮೆಯ ಒಂದು ಗ್ರಾಮ ಪಂಚಾಯಿತಿಯನ್ನು ಉದಾಹರಣೆಗಾಗಿ ಭಾವಿಸಿಕೊಳ್ಳಬಹುದು. ಅಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, “ಘಟ್ಟದ ಕೆಳಗಿನ ಕಡಲನ್ನು ನಾವು ನೋಡಿಲ್ಲ. ಅಲ್ಲಿ ಆರು ಮೂಲೆಯ ಕಲ್ಲಿನ ದ್ವೀಪ ಇದೆಯಂತೆ, ಅದನ್ನೂ ತೋರಿಸಬೇಕು” ಎಂದು ಕೇಳುತ್ತಾಳೆ. ಸಭೆ ನಗುತ್ತದೆ. ಅಧ್ಯಕ್ಷೆ ನಗದೆ ಬರೆದುಕೊಳ್ಳುತ್ತಾರೆ. ಮುಂದೆ ಆ ಪಂಚಾಯಿತಿಗೆ ಆದುದೆಲ್ಲ ಯಾವ ಪಂಚಾಯಿತಿಗಾದರೂ ಆಗಬಹುದಾದುದೇ ಆಗಿರುವುದರಿಂದ ಈ ಉಪನ್ಯಾಸ ಅದರ ಜೊತೆಯಲ್ಲಿಯೇ ಸಾಗುತ್ತದೆ.

ಹುಡುಗಿ ಕೇಳಿದ್ದು ಉಡುಪಿ ಜಿಲ್ಲೆಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳನ್ನು. ಮಲ್ಪೆ ಬಂದರಿನಿಂದ ಸುಮಾರು 6 ಕಿ.ಮೀ. ದೂರದಲ್ಲಿ ದಡಕ್ಕೆ ಸಮಾನಾಂತರವಾಗಿ ಸಾಲುಗೊಂಡಿರುವ ಈ ದ್ವೀಪಗಳಲ್ಲಿ ಮುಖ್ಯವಾದವು ನಾಲ್ಕು. ಪ್ರವಾಸಿಗರು ಇಳಿಯುವ ತೆಂಗಿನ ದ್ವೀಪವು ಅರ್ಧ ಕಿ.ಮೀ.ನಷ್ಟು ಉದ್ದ, ನೂರು ಮೀಟರಿನಷ್ಟು ಅಗಲವಿರುವ ಒಂದು ಪಟ್ಟಿ. ಜನವಸತಿಯಿಲ್ಲ. ಸ್ಥಳೀಯರ ಬಾಯಲ್ಲಿ ಇದಕ್ಕೆ ತೋನ್ಸೆಪಾರ್ ಎಂಬ ಹೆಸರೂ ಉಂಟು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟನೆಂಬುದು ಪ್ರತೀತಿ. ಆದರೆ ಈ ಕಲ್ಲುಗಳ ಮುಂದೆ ಐನೂರು ವರ್ಷದ ಕಥೆ ನಿನ್ನೆ ಮೊನ್ನೆಯದು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೂ ಚಿತ್ರದುರ್ಗದ ಮರಡಿಹಳ್ಳಿಯ ದಿಂಬುಗಲ್ಲುಗಳಿಗೂ ಇದೇ ಮನ್ನಣೆ ದೊರೆತಿದೆ. ಮರಡಿಹಳ್ಳಿಯ ಕಲ್ಲು ನೀರಿನಡಿಯಲ್ಲಿ ಉಕ್ಕಿದ ಲಾವಾದಿಂದಾದುದು. ಇಂದು ಅದು ಬರದ ನಾಡಿನಲ್ಲಿ ಬಿಸಿಲು ಕಾಯುತ್ತಿದೆ, ಇತ್ತ ನೆಲದ ಮೇಲೆ ಹರಿದ ಲಾವಾ ಕಡಲ ನಡುವೆ ನಿಂತಿದೆ. ಭೂಮಿಗೆ ತನ್ನ ಸಾಮಾನುಗಳನ್ನು ಅದಲುಬದಲು ಮಾಡುವ ಅಭ್ಯಾಸ ಮೊದಲಿನಿಂದಲೂ ಇದ್ದಂತಿದೆ.

ಈ ಕಲ್ಲುಗಳ ವಯಸ್ಸು ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಆ ಕಾಲದಲ್ಲಿ ಭಾರತದ ಪಶ್ಚಿಮದ ಅಂಚಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು. ಎರಡೂ ಭೂಭಾಗಗಳು ಸೀಳಿ ದೂರ ಸರಿಯತೊಡಗಿದಾಗ ಒಳಗಿನ ಲಾವಾ ಮೇಲಕ್ಕೆ ಉಕ್ಕಿತು. ಈ ದ್ವೀಪಗಳು ಆ ಅಗಲಿಕೆಯ ಗುರುತುಗಳೆಂದು ಭೂವಿಜ್ಞಾನಿಗಳು ಪರಿಗಣಿಸುತ್ತಾರೆ. ಮಹಾರಾಷ್ಟ್ರದಿಂದ ಬೆಳಗಾವಿ, ವಿಜಯಪುರಗಳವರೆಗೆ ಹಬ್ಬಿರುವ ದಖ್ಖನ್ ಲಾವಾಸ್ತರಗಳು ಸುಮಾರು ಆರೂವರೆ ಕೋಟಿ ವರ್ಷಗಳಷ್ಟು ಹಳೆಯವು. ಎಂದರೆ ಈ ದ್ವೀಪಗಳು ಅವಕ್ಕಿಂತ ಹಿರಿಯವು, ಅವುಗಳ ಭಾಗವೂ ಅಲ್ಲ. ಜನ ರೂಢಿಯಲ್ಲಿ ಬಸಾಲ್ಟ್ ಎನ್ನುತ್ತಾರಾದರೂ ಇಲ್ಲಿರುವುದು ಸಿಲಿಕಾ ಅಂಶ ಹೆಚ್ಚಿರುವ ರಯೊಲೈಟ್ ಮತ್ತು ಡೇಸೈಟ್ ಜಾತಿಯ ಶಿಲೆ.

ಕಂಬಗಳು ಹೇಗಾದವು ಎಂಬುದನ್ನು ತಿಳಿಯಲು ಕಡಲಿಗೆ ಹೋಗಬೇಕಾಗಿಲ್ಲ. ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳವನ್ನು ನೋಡಿದವರಿಗೆಲ್ಲ ಅದು ಗೊತ್ತು. ಕೆಸರು ಒಣಗುವಾಗ ಕುಗ್ಗುತ್ತದೆ, ಕುಗ್ಗಿದಾಗ ಸೀಳುತ್ತದೆ, ಸೀಳುಗಳು ಒಂದನ್ನೊಂದು ಸಂಧಿಸಿ ಐದು ಆರು ಮೂಲೆಗಳ ಹೆಂಟೆಗಳಾಗುತ್ತವೆ. ಕೆಸರು ನೀರು ಕಳೆದುಕೊಂಡು ಕುಗ್ಗಿದರೆ ಲಾವಾ ಶಾಖ ಕಳೆದುಕೊಂಡು ಕುಗ್ಗುತ್ತದೆ. ಮೇಲ್ಮೈ ಮೊದಲು ತಣಿದು ಬಿರಿಯುತ್ತದೆ. ತಣಿವು ಒಳಕ್ಕೆ ಇಳಿದಂತೆಲ್ಲ ಬಿರುಕೂ ಅದರ ಹಿಂದೆಯೇ ಇಳಿಯುತ್ತದೆ. ಹೀಗೆ ಇಡಿಯ ದಪ್ಪವು ಒತ್ತೊತ್ತಾಗಿ ಜೋಡಿಸಿದ ಕಂಬಗಳಾಗಿ ಒಡೆಯುತ್ತದೆ. ಆರು ಮುಖದ ಕಂಬಗಳ ನಡುವೆ ನಾಲ್ಕು, ಐದು, ಏಳು ಮುಖದವೂ ಇವೆ. ಕೆಲವು ಕಂಬಗಳು ನೀರಿನಿಂದ ಐದಾರು ಮೀಟರ್ ಮೇಲೆ ನಿಂತಿವೆ. ಶಿಲ್ಪಿಯ ಉಳಿ ಮುಟ್ಟದ ಈ ಕಲ್ಲುಗಳನ್ನು ಕಂಡ ಮಗುವು ಕೆರೆಯ ಹೆಂಟೆಯನ್ನು ಮತ್ತೆಂದೂ ಬರಿಯ ಹೆಂಟೆಯಾಗಿ ನೋಡಲಾರದು. ಹಣ ಮತ್ತು ಶ್ರಮ ವ್ಯಯಿಸಿ ಇಂತಹ ಪ್ರವಾಸವನ್ನು ಏರ್ಪಡಿಸುವುದಕ್ಕೆ ಇಷ್ಟು ಕಾರಣ ಸಾಕು.

ಹೆಲಿಕಾಪ್ಟರಿನಿಂದ ತೋರಿಸಬಾರದೇ ಎಂಬ ಪ್ರಶ್ನೆಯೂ ಸಭೆಗಳಲ್ಲಿ ಕೇಳಿಬರುವುದುಂಟು. ಆಕಾಶದಿಂದ ನೋಡಿದರೆ ದ್ವೀಪಗಳ ಸಾಲು, ನೀರಿನ ಬಣ್ಣ, ನೊರೆಯ ಅಂಚು ಚೆನ್ನಾಗಿ ಕಾಣುತ್ತವೆ ನಿಜ. ಆದರೆ ಕಂಬದ ಮುಖಗಳು ಕಾಣುವುದು ಪಕ್ಕದಿಂದ, ಅದೂ ಹತ್ತಾರು ಹೆಜ್ಜೆಯ ದೂರದಿಂದ. ಐದು ಜನಕ್ಕೆ ಹತ್ತು ನಿಮಿಷ ಹಾರಿಸುವ ಖರ್ಚಿನಲ್ಲಿ ಇಡೀ ತರಗತಿಯನ್ನು ದೋಣಿಯಲ್ಲಿ ಕರೆದೊಯ್ಯಬಹುದು. ಹೆಚ್ಚು ಚರ್ಚೆ ಬೇಕಿಲ್ಲ.

ದೋಣಿಯ ವಿಷಯ ಹಾಗಲ್ಲ. ಅಲ್ಲಿ ಪ್ರತಿಯೊಂದೂ ಚರ್ಚೆಯಾಗಬೇಕು.

ಆ ಮಲೆನಾಡಿನ ಪಂಚಾಯಿತಿಯವರು ಡಿಸೆಂಬರಿನ ಒಂದು ಶನಿವಾರವನ್ನು ಗೊತ್ತುಮಾಡಿದರು. ಮೂವತ್ತು ಮಕ್ಕಳು, ಆರು ಮಂದಿ ಹಿರಿಯರು. ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ದೊಡ್ಡ ಬಸ್ಸಿಗೆ ಅವಕಾಶವಿಲ್ಲದ ಕಾರಣ ಎರಡು ಮಿನಿ ಬಸ್ಸುಗಳಿಗೆ ಮುಂಗಡ ಕೊಡಲಾಯಿತು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಊಟದ ಏರ್ಪಾಡು ಎಲ್ಲವೂ ಆಯಿತು. ಕಾರ್ಯಕ್ರಮದ ಪಟ್ಟಿ ಹೀಗಿತ್ತು: ಬೆಳಗ್ಗೆ ಏಳಕ್ಕೆ ಹೊರಡುವುದು, ದಾರಿಯಲ್ಲಿ ಉಪಾಹಾರ, ಉಡುಪಿಯಲ್ಲಿ ಶ್ರೀಕೃಷ್ಣ ದರ್ಶನ, ಮಠದಲ್ಲಿ ಊಟ, ಬಳಿಕ ಮಲ್ಪೆ, ದ್ವೀಪ, ಸಂಜೆಗೆ ಹಿಂದಿರುಗುವುದು. ಮೇಲುನೋಟಕ್ಕೆ ದೋಷವಿಲ್ಲದ ಪಟ್ಟಿ. ನೂರಾರು ತಂಡಗಳು ಬರುವುದು ಇದೇ ಕ್ರಮದಲ್ಲಿ.

ದರ್ಶನದ ಸಾಲು ಉದ್ದವಿತ್ತು. ಮಲ್ಪೆ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಬೆಳಗ್ಗೆ ಕನ್ನಡಿಯಂತಿದ್ದ ನೀರಿನ ಮೇಲೆ ಆಗ ವಾಯವ್ಯದ ಗಾಳಿ ಎದ್ದಿತ್ತು. ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಇದರಲ್ಲಿ ಹೊಸತೇನಿಲ್ಲ. ಬೆಳಗಿನ ಹೊತ್ತು ನೆಲ ತಂಪಾಗಿರುತ್ತದೆ, ಗಾಳಿ ನೆಲದಿಂದ ಕಡಲಿಗೆ ಮೆಲ್ಲನೆ ಬೀಸುತ್ತದೆ. ಬಿಸಿಲೇರಿದಂತೆ ನೆಲ ಕಾದು ಅದರ ಮೇಲಿನ ಗಾಳಿ ಹಗುರವಾಗಿ ಏರುತ್ತದೆ. ಆ ತೆರವಿಗೆ ಕಡಲ ಗಾಳಿ ನುಗ್ಗುತ್ತದೆ. ಆದುದರಿಂದ ಮಳೆಗಾಲ ಕಳೆದ ತಿಂಗಳುಗಳಲ್ಲಿ ಮುಂಜಾನೆಯ ಕಡಲೇ ಬೇರೆ, ಅಪರಾಹ್ನದ ಕಡಲೇ ಬೇರೆ. ಅಂದು ಅದರ ಜೊತೆಗೆ ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತವೂ ಇತ್ತು. ಮೀನುಗಾರರಿಗೆ ಹವಾಮಾನ ಇಲಾಖೆಯ ಸೂಚನೆ ಎರಡು ದಿನ ಮುಂಚೆಯೇ ಹೋಗಿತ್ತು. ಪಂಚಾಯಿತಿಯಲ್ಲಿ ಅದನ್ನು ನೋಡುವ ಹೊಣೆ ಯಾರಿಗೂ ವಹಿಸಿರಲಿಲ್ಲ.

ಕರಾವಳಿಯವರು ಧಕ್ಕೆ ಎಂದು ಕರೆಯುವ ದೋಣಿಗಟ್ಟೆಯ ಬಳಿ ಮಕ್ಕಳು ಸಾಲಾಗಿ ನಿಂತರು. ಬೆಳಗಿನ ದೋಣಿಗಳು ದ್ವೀಪದಲ್ಲಿದ್ದವರನ್ನು ಹಿಂದಕ್ಕೆ ಕರೆತರುತ್ತಿದ್ದವು. ದೋಣಿ ನಡೆಸುವ ಹಿರಿಯ ತಾಂಡೇಲರೊಬ್ಬರು ಹಗ್ಗ ಸುತ್ತುತ್ತಿದ್ದರು. ಅಧ್ಯಕ್ಷೆ ಅವರನ್ನು ಕೇಳಿದರು.

“ಈಗ ಹೋಗಲಿಕ್ಕೆ ಆಗುತ್ತದೆಯೇ ಅಣ್ಣ?”

“ಹೋಗ್ಲಿಕ್ಕೆ ಆಗ್ತದೆ ಅಮ್ಮ. ಬರ್ಲಿಕ್ಕೆ ಆಗ್ತದಾ ಅಂತ ಕೇಳಿ. ಅದಕ್ಕೆ ನಾನು ಈಗ ಹೌದು ಅಂತ ಹೇಳ್ಲಿಕ್ಕಿಲ್ಲ ಮಾರಾಯ್ರೆ.”

ಸದಸ್ಯರೊಬ್ಬರು ಮುಂದೆ ಬಂದು, “ಅಧ್ಯಕ್ಷರೇ, ಎರಡು ಬಸ್ಸಿಗೆ ದುಡ್ಡು ಕೊಟ್ಟಾಗಿದೆ. ಮಕ್ಕಳ ಮುಖ ನೋಡಿ. ಒಂದು ಅರ್ಧ ಗಂಟೆ ಹೋಗಿ ಬಂದರಾಯಿತಲ್ಲ” ಎಂದರು. ಮತ್ತೊಬ್ಬರು, ಊರಿಗೆ ಹೋಗಿ ಏನೆಂದು ಹೇಳುವುದು ಎಂದರು. ಕಡಲು ಕಾಣದ ಮಕ್ಕಳಿಗೆ ಅಲೆಯ ಎತ್ತರ ಭಯದ ವಿಷಯವಾಗಿರಲಿಲ್ಲ, ಅವರಿಗೆ ಎಲ್ಲವೂ ಚಂದವೇ. ಬೇಡಿಕೆ ಇಟ್ಟ ಹುಡುಗಿ ಏನೂ ಹೇಳದೆ ದೂರದಲ್ಲಿ ಕಾಣುವ ತೆಂಗಿನ ತಲೆಗಳನ್ನು ನೋಡುತ್ತಿದ್ದಳು.

ಇಂತಹ ಗಳಿಗೆಯಲ್ಲಿ ಗಾಳಿಗಿಂತಲೂ ಬಲವಾಗಿ ನೂಕುವುದು ಕೊಟ್ಟ ಮುಂಗಡ, ಬಂದ ದೂರ, ಮಕ್ಕಳ ಆಸೆ ಮತ್ತು ಊರಿನವರ ಮಾತು. ಈ ನಾಲ್ಕರಲ್ಲಿ ಯಾವುದೂ ಕೆಟ್ಟದ್ದಲ್ಲ, ಆದುದರಿಂದಲೇ ಇವುಗಳಿಗೆ ಎದುರು ನಿಲ್ಲುವುದು ಕಷ್ಟ.

ಸಭೆಯಲ್ಲಿರುವ ಹಲವರಿಗೆ 2019ರ ಜನವರಿ 21 ನೆನಪಿರಬಹುದು. ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿಕೊಂಡು ಹಿಂದಿರುಗುತ್ತಿದ್ದ ದೋಣಿ ಮಗುಚಿ ಮಕ್ಕಳೂ ಸೇರಿದಂತೆ ಹಲವಾರು ಮಂದಿ ತೀರಿಕೊಂಡರು. ಅದು ಹೋಗುವಾಗ ಆದುದಲ್ಲ, ಬರುವಾಗ ಆದುದು. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಇದೇ ಸೇಂಟ್ ಮೇರೀಸ್ ದ್ವೀಪದ ಕಲ್ಲುಗಳ ಬಳಿ ನೀರುಪಾಲಾದರು. 2024ರ ಜನವರಿಯಲ್ಲಿ ಗುಜರಾತಿನ ವಡೋದರದ ಹರ್ಣಿ ಕೆರೆಯಲ್ಲಿ, ಅಲೆಯೂ ಇಲ್ಲದ ನೀರಿನಲ್ಲಿ, ಶಾಲಾ ಪ್ರವಾಸದ ದೋಣಿ ಮಗುಚಿ ಹನ್ನೆರಡು ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಅಸುನೀಗಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ಬಾಲಕಿಯರನ್ನು ಮುರ್ಡೇಶ್ವರದ ಕಡಲು ಸೆಳೆದುಕೊಂಡಿತು. ಅವರಲ್ಲಿ ಯಾರೂ ದೋಣಿ ಹತ್ತಿರಲಿಲ್ಲ. ದಡದಲ್ಲಿ ನೀರಾಟಕ್ಕೆ ಇಳಿದಿದ್ದರು ಅಷ್ಟೆ. ಒಪ್ಪಿಗೆ ಪತ್ರದಲ್ಲಿ ತಂದೆತಾಯಿಯರ ಸಹಿ ಇದ್ದರಷ್ಟೇ ಸಾಲದು. ಸಹಿಯು ಕಾಗದದ ಕೊರತೆಯನ್ನು ನೀಗಿಸುತ್ತದೆಯೇ ಹೊರತು ಮೇಲ್ವಿಚಾರಣೆಯ ಕೊರತೆಯನ್ನಲ್ಲ.

ಅಧ್ಯಕ್ಷೆ ಪ್ರವಾಸವನ್ನು ಅಲ್ಲಿಯೇ ನಿಲ್ಲಿಸಿದರು. ಮಕ್ಕಳನ್ನು ನೀರಿಗೆ ಇಳಿಸಲಿಲ್ಲ. ಮೀನುಗಾರಿಕೆ ಬಂದರಿನಲ್ಲಿ ಸಾಲುಗಟ್ಟಿದ್ದ ಬೋಟುಗಳನ್ನೂ, ಬಲೆ ಹೆಣೆಯುವವರ ಕೈಚಳಕವನ್ನೂ ತೋರಿಸಿ, ದಕ್ಷಿಣಕ್ಕೆ ಕಾಪುವಿನ ದೀಪಸ್ತಂಭದ ಬಳಿ ಸೂರ್ಯಾಸ್ತ ನೋಡಿಸಿ ಹಿಂದಕ್ಕೆ ಕರೆದೊಯ್ದರು. 1901ರಲ್ಲಿ ಕಟ್ಟಿದ ಆ ದೀಪಸ್ತಂಭ ನಿಂತಿರುವುದೇ ಕಡಲಿನ ಕಲ್ಲುಗಳ ಬಗ್ಗೆ ದೋಣಿಯವರಿಗೆ ಎಚ್ಚರ ಹೇಳಲು. ಆದರೆ ಬಸ್ಸಿನಲ್ಲಿ ಆ ದಿನ ಯಾರೂ ಹಾಡು ಹೇಳಲಿಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ಹಣ ಪೋಲಾಯಿತೆಂಬ ಆಕ್ಷೇಪಣೆಯೂ ಬಂದಿತು.

ಆಕ್ಷೇಪಣೆಗೆ ಉತ್ತರವಾಗಿ ಅಧ್ಯಕ್ಷೆ ವಾದ ಮಾಡಲಿಲ್ಲ. ಡಿಸೆಂಬರಿನ ಕಾರ್ಯಕ್ರಮದ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಎಲ್ಲಿ ತಪ್ಪಿತೆಂಬುದನ್ನು ಒಂದೊಂದಾಗಿ ಗುರುತಿಸಲು ಸದಸ್ಯರನ್ನೇ ಕೇಳಿದರು. ಆ ಚರ್ಚೆಯಲ್ಲಿ ಹೊರಟ ಸಂಗತಿಗಳು ಇತರ ಪಂಚಾಯಿತಿಗಳಿಗೂ ಅನ್ವಯಿಸುವಂಥವು.

ಮೊದಲನೆಯ ತಪ್ಪು ಕ್ರಮದಲ್ಲಿ ಇತ್ತು. ದೇವಸ್ಥಾನ ಸಂಜೆಗೂ ಇರುತ್ತದೆ, ಶಾಂತವಾದ ಕಡಲು ಬೆಳಗ್ಗೆ ಮಾತ್ರ ಇರುತ್ತದೆ. ಆದ್ದರಿಂದ ದ್ವೀಪವೇ ಮೊದಲು. ತೀರ್ಥಹಳ್ಳಿ ಕಡೆಯಿಂದ ಮಲ್ಪೆಗೆ ಘಾಟಿಯ ದಾರಿಯಲ್ಲಿ ಮೂರು ಗಂಟೆ ಹಿಡಿಯುತ್ತದೆಂದರೆ ಐದು ಗಂಟೆಗೆ ಹೊರಡಬೇಕು. ಇನ್ನೂ ದೂರದವರು ಹಿಂದಿನ ರಾತ್ರಿ ಉಡುಪಿಯಲ್ಲಿ ತಂಗಬೇಕು. ಬಯಲುಸೀಮೆಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದು ನಿದ್ದೆಗಣ್ಣಿನಲ್ಲಿ ದೋಣಿ ಹತ್ತಿಸುವುದು ಮಕ್ಕಳಿಗೆ ವಾಂತಿಯನ್ನೂ ಹಿರಿಯರಿಗೆ ಅಜಾಗರೂಕತೆಯನ್ನೂ ತರುತ್ತದೆ. ಶನಿವಾರ, ಭಾನುವಾರ ಮತ್ತು ವರ್ಷಾಂತ್ಯದ ದಿನಗಳನ್ನು ಬಿಡಬೇಕು. ಜನ ಹೆಚ್ಚಿದ್ದಷ್ಟೂ ಕಾಯುವಿಕೆ ಹೆಚ್ಚು, ಕಾಯುವಿಕೆ ಹೆಚ್ಚಿದಷ್ಟೂ ಕೊನೆಯ ದೋಣಿಗೆ ನೂಕುನುಗ್ಗಲು ಹೆಚ್ಚು.

ತಿಂಗಳ ಆಯ್ಕೆಯೂ ಮುಖ್ಯ. ಮುಂಗಾರಿನಲ್ಲಿ ದ್ವೀಪಯಾನ ಇರುವುದಿಲ್ಲ. ಸಾಮಾನ್ಯವಾಗಿ ಮೇ ತಿಂಗಳ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ನಿಲ್ಲಿಸಲಾಗುತ್ತದೆ, ಮತ್ತೆ ಆರಂಭವಾಗುವ ದಿನವನ್ನು ಕಡಲಿನ ಸ್ಥಿತಿ ನಿರ್ಧರಿಸುತ್ತದೆ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದನ್ನು ಎಲ್ಲರೂ ಬಲ್ಲರು. ಮೀನುಗಾರಿಕೆ ಮತ್ತೆ ತೊಡಗಿತೆಂದರೆ ಪ್ರವಾಸಿ ದೋಣಿಯೂ ಹೋಗಬಹುದೆಂದು ಎಣಿಸಬಾರದು. ಆಳಸಮುದ್ರಕ್ಕೆ ಹೋಗುವ ಬೋಟಿನವರ ಅನುಭವವೇ ಬೇರೆ, ಮೊದಲ ಬಾರಿಗೆ ನೀರಿನ ಮೇಲೆ ಕುಳಿತವರ ಕಾಲಿನ ಹಿಡಿತವೇ ಬೇರೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಇನ್ನೊಂದು ಅಪಾಯವಿದೆ, ಅದು ಕಣ್ಣಿಗೆ ಬೀಳದ ಅಪಾಯ. ಕೇರಳದ ಮೀನುಗಾರರು ಅದನ್ನು ಕಳ್ಳಕಡಲು ಎನ್ನುತ್ತಾರೆ. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ ಎದ್ದ ಬಿರುಗಾಳಿಯು ಅಲ್ಲಿ ಎಬ್ಬಿಸಿದ ಉಬ್ಬಲೆಗಳು ಸಾವಿರಾರು ಕಿ.ಮೀ. ಪಯಣಿಸಿ ಕೆಲವು ದಿನಗಳ ಬಳಿಕ ಇಲ್ಲಿಯ ದಡವನ್ನು ಮುಟ್ಟುತ್ತವೆ. ಇಲ್ಲಿ ಗಾಳಿ ಇರುವುದಿಲ್ಲ, ಮೋಡ ಇರುವುದಿಲ್ಲ, ಆಕಾಶ ನಿರ್ಮಲವಾಗಿರುತ್ತದೆ. ನೀರು ಮಾತ್ರ ಕಳ್ಳನಂತೆ ಒಳನುಗ್ಗುತ್ತದೆ. ಆಕಾಶ ನೋಡಿ ಮಳೆ ಹೇಳಬಲ್ಲ ರೈತನ ಅನುಭವವೂ ಇಲ್ಲಿ ನೆರವಿಗೆ ಬಾರದು. ಇದಕ್ಕಾಗಿಯೇ ಹೈದರಾಬಾದಿನಲ್ಲಿರುವ ಇನ್‌ಕಾಯಿಸ್, ಅಂದರೆ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಅಲೆಯ ಎತ್ತರ, ಉಬ್ಬಲೆ, ಪ್ರವಾಹಗಳ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯೂ ದೊರೆಯುತ್ತದೆ. ಮೂರು ದಿನ ಮುಂಚಿನಿಂದ ಪ್ರತಿದಿನ ಇವೆರಡನ್ನೂ ನೋಡಿ ಕಾಗದದ ಮೇಲೆ ಬರೆದಿಡುವ ಕೆಲಸವನ್ನು ಒಬ್ಬರಿಗೆ ವಹಿಸಬೇಕು. ಆ ಪಂಚಾಯಿತಿಯಲ್ಲಿ ಅರಿವು ಕೇಂದ್ರದ ಮೇಲ್ವಿಚಾರಕಿ ಈ ಹೊಣೆಯನ್ನು ಹೊತ್ತರು. ಪ್ರತಿದಿನ ಸಂಜೆ ಗ್ರಂಥಾಲಯಕ್ಕೆ ಬರುವ ಮಕ್ಕಳೇ ಅಲೆಯ ಎತ್ತರವನ್ನು ಹಲಗೆಯ ಮೇಲೆ ಬರೆಯತೊಡಗಿದರು. ಯಾರೂ ಯೋಜಿಸಿರದಿದ್ದ ಪಾಠವೊಂದು ಹೀಗೆ ಪ್ರವಾಸಕ್ಕಿಂತ ಮೊದಲೇ ಆರಂಭವಾಯಿತು.

ಭರತ ಇಳಿತಗಳ ಲೆಕ್ಕವನ್ನೂ ಮಕ್ಕಳು ಹಾಕಬಲ್ಲರು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುತ್ತ ಕಡಿಮೆ. ಇಳಿತದಲ್ಲಿ ಕಂಬಗಳ ಬುಡ ಹೆಚ್ಚು ಕಾಣುತ್ತದೆ, ಆದರೆ ಆಗ ಹೊರಬಿದ್ದ ಕಲ್ಲಿನ ಮೇಲೆ ಪಾಚಿ ಇರುತ್ತದೆ. ಒದ್ದೆ ಕಲ್ಲಿನ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವವರ ಕಾಲು ಜಾರುವುದು ಅಲ್ಲಿಯೇ. ಕಪ್ಪಾಗಿ ಒದ್ದೆಯಾಗಿರುವ ಕಲ್ಲಿನ ಮೇಲೆ ಯಾರೂ ಹೆಜ್ಜೆ ಇಡುವಂತಿಲ್ಲವೆಂಬ ನಿಯಮವನ್ನು ಮಕ್ಕಳಿಗೆ ಬಸ್ಸಿನಲ್ಲಿಯೇ ಹೇಳಿದರೆ ಸಾಕಾಗದು, ದ್ವೀಪದಲ್ಲಿ ಇಳಿದ ಮೇಲೆ ಒಂದು ಒದ್ದೆ ಕಲ್ಲನ್ನು ತೋರಿಸಿ ಹೇಳಬೇಕು. ದ್ವೀಪದ ಕಾವಲು ಸಿಬ್ಬಂದಿ ಊದುವ ಸೀಟಿಗೆ ಮರುಮಾತಿಲ್ಲ. ದ್ವೀಪದಲ್ಲಿ ಈಜು, ಸ್ನಾನ ಬೇಡವೇ ಬೇಡ.

ದೋಣಿ ಹತ್ತುವಾಗ ಜೀವರಕ್ಷಕ ಜಾಕೆಟ್ಟನ್ನು ದಡದಲ್ಲಿಯೇ ತೊಡಿಸಿ, ಪಟ್ಟಿಗಳನ್ನು ಬಿಗಿದು, ಹೆಗಲಿನ ಬಳಿ ಹಿಡಿದು ಮೇಲಕ್ಕೆ ಎತ್ತಿ ನೋಡಬೇಕು. ಜಾಕೆಟ್ಟು ಗಲ್ಲದವರೆಗೆ ಏರಿದರೆ ಅದು ಆ ಮಗುವಿನ ಅಳತೆಯದಲ್ಲ. ದೊಡ್ಡವರ ಜಾಕೆಟ್ಟು ತೊಟ್ಟ ಮಗು ನೀರಿಗೆ ಬಿದ್ದಾಗ ಜಾಕೆಟ್ಟು ತೇಲುತ್ತದೆ, ಮಗು ಅದರೊಳಗಿನಿಂದ ಜಾರುತ್ತದೆ. ಆದಕಾರಣ ದೋಣಿಯವರೊಂದಿಗೆ ಮುಂಚಿತವಾಗಿ ಮಾತನಾಡುವಾಗ ದರದ ಜೊತೆಗೆ ಮಕ್ಕಳ ಅಳತೆಯ ಜಾಕೆಟ್ಟು ಎಷ್ಟಿವೆ ಎಂಬುದನ್ನೂ ಕೇಳಬೇಕು. ಸಾಕಷ್ಟಿಲ್ಲದಿದ್ದರೆ ತಂಡವನ್ನು ಎರಡು ಸರದಿಯಾಗಿ ಒಡೆಯಬೇಕು. ದೋಣಿಗೆ ಅನುಮತಿಸಿರುವ ಜನಸಂಖ್ಯೆಗಿಂತ ಒಬ್ಬರು ಹೆಚ್ಚಾದರೂ ಇಳಿಯಬೇಕು, ಅದು ಅಧ್ಯಕ್ಷರೇ ಆಗಿದ್ದರೂ. ಡಾಲ್ಫಿನ್ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ಎದ್ದು ಹೋದಾಗ ಭಾರ ಒಂದು ಕಡೆಗೆ ವಾಲಿ ದೋಣಿ ಮಗುಚುವ ಸಂಭವವಿರುತ್ತದೆ. ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆ ಇದನ್ನು ವಿವರಿಸಬೇಕಿಲ್ಲ. ದ್ವೀಪದ ಬಳಿ ನೀರು ಆಳವಿಲ್ಲದ ಕಡೆ ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ಬದಲಾಗಬೇಕಾಗಬಹುದು. ಆ ದಿನದ ಏರ್ಪಾಡು ಏನೆಂಬುದನ್ನು ಟಿಕೆಟ್ ಕೊಳ್ಳುವ ಮೊದಲು ಕೇಳಿ ತಿಳಿದಿರಬೇಕು. ಎರಡು ದೋಣಿಗಳ ನಡುವೆ ಕಾಲಿಡುವ ಆ ಎರಡು ಸೆಕೆಂಡು ಇಡೀ ಪ್ರಯಾಣದಲ್ಲಿ ಅತ್ಯಂತ ನಾಜೂಕಿನದು. ಪ್ರತಿ ಮಗುವಿಗೂ ಆಚೆ ಒಂದು ಕೈ, ಈಚೆ ಒಂದು ಕೈ ಇರಬೇಕು.

ಇನ್ನುಳಿದವು ಸಣ್ಣ ಸಂಗತಿಗಳು. ಅಪಸ್ಮಾರ, ಉಬ್ಬಸ ಇರುವ ಮಕ್ಕಳ ವಿವರ ಮತ್ತು ಔಷಧ ಜೊತೆಯಲ್ಲಿರಬೇಕು. ದ್ವೀಪದಲ್ಲಿ ನೆರಳು ಕಡಿಮೆ, ಟೋಪಿ ಮತ್ತು ನೀರು ಬೇಕು. ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಕಲ್ಲು ಕೀಳುವುದು, ಚಿಪ್ಪು ತುಂಬಿಕೊಳ್ಳುವುದು ಬೇಡ. ದಿನಕ್ಕೆ ಸಾವಿರ ಜನ ಒಂದೊಂದು ಚಿಪ್ಪು ತಂದರೆ ದಂಡೆಯಲ್ಲಿ ಏನು ಉಳಿದೀತೆಂಬ ಲೆಕ್ಕವನ್ನು ಮಕ್ಕಳಿಗೇ ಕೊಡಬಹುದು. ತುರ್ತು ಸಂದರ್ಭಕ್ಕೆ 112, ಕರಾವಳಿ ರಕ್ಷಣಾ ಪಡೆಯ 1554, ಈ ಎರಡು ಸಂಖ್ಯೆಗಳು ಹಿರಿಯರೆಲ್ಲರ ಮೊಬೈಲಿನಲ್ಲಿರಲಿ. ತಲೆ ಎಣಿಕೆಯನ್ನು ಬಸ್ಸಿನಿಂದ ಇಳಿದಾಗ, ದೋಣಿ ಹತ್ತಿದಾಗ, ದ್ವೀಪದಲ್ಲಿ ಇಳಿದಾಗ ಮತ್ತು ಮರಳಿ ಹೊರಡುವ ಮುನ್ನ ಮಾಡಿ ಪ್ರತಿ ಬಾರಿಯೂ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಬೇಕು.

ಇಷ್ಟೆಲ್ಲ ಚರ್ಚೆಯಾದ ಮೇಲೆ ಆ ಪಂಚಾಯಿತಿಯು ಒಂದು ಠರಾವನ್ನು ಅಂಗೀಕರಿಸಿತು. ಅದರ ಮುಖ್ಯ ಭಾಗ ಹೀಗಿತ್ತು: “ಪ್ರವಾಸದ ದಿನ ಕಡಲಿನ ಸ್ಥಿತಿಯನ್ನು ನೋಡಿ ದ್ವೀಪಯಾನವನ್ನು ಕೈಬಿಡುವ ಸಂಪೂರ್ಣ ಅಧಿಕಾರವನ್ನು ಅಧ್ಯಕ್ಷರಿಗೂ ಜೊತೆಗಿರುವ ಹಿರಿಯ ಶಿಕ್ಷಕಿಯವರಿಗೂ ನೀಡಲಾಗಿದೆ. ಇಬ್ಬರಲ್ಲಿ ಒಬ್ಬರು ಬೇಡವೆಂದರೂ ಯಾನ ಇರುವುದಿಲ್ಲ. ಹಾಗೆ ಕೈಬಿಟ್ಟಲ್ಲಿ ಆಗುವ ವೆಚ್ಚವನ್ನು ಈ ಸಭೆಯು ಮುಂಚಿತವಾಗಿ ಒಪ್ಪಿದೆ, ಅದರ ಬಗ್ಗೆ ಮುಂದೆ ಆಕ್ಷೇಪಣೆ ಇರತಕ್ಕದ್ದಲ್ಲ. ಬದಲಿ ಕಾರ್ಯಕ್ರಮವಾಗಿ ಮಲ್ಪೆ ಬಂದರು ಮತ್ತು ಕಾಪು ದೀಪಸ್ತಂಭವನ್ನು ತೋರಿಸತಕ್ಕದ್ದು.” ಡಿಸೆಂಬರಿನಲ್ಲಿ ಹಣ ಪೋಲಾಯಿತೆಂದಿದ್ದ ಸದಸ್ಯರೇ ಇದಕ್ಕೆ ಅನುಮೋದಕರಾದರು. ಬೇಡವೆಂಬ ಮಾತನ್ನು ಧಕ್ಕೆಯ ಮೇಲೆ ಒಬ್ಬರೇ ನಿಂತು ಹೇಳುವುದು ಎಷ್ಟು ಕಷ್ಟವೆಂಬುದನ್ನು ಅವರು ಪಕ್ಕದಲ್ಲಿ ನಿಂತು ನೋಡಿದ್ದರು. ನಡಾವಳಿಯಲ್ಲಿ ಮುಂಚೆಯೇ ಬರೆದಿಟ್ಟ ಮಾತನ್ನು ಧಕ್ಕೆಯ ಮೇಲೆ ಓದಿ ಹೇಳಿದರಾಯಿತು.

ಎರಡನೆಯ ಪ್ರವಾಸ ಜನವರಿ ಕೊನೆಯ ಒಂದು ಮಂಗಳವಾರ. ಅರಿವು ಕೇಂದ್ರದ ಹಲಗೆಯ ಮೇಲೆ ಮೂರು ದಿನವೂ ಅಲೆಯ ಎತ್ತರ ಕಡಿಮೆಯಿತ್ತು. ಐದಕ್ಕೆ ಹೊರಟ ಬಸ್ಸುಗಳು ಎಂಟೂವರೆಗೆ ಮಲ್ಪೆಯಲ್ಲಿದ್ದವು. ಅದೇ ತಾಂಡೇಲರು ಗುರುತು ಹಿಡಿದು, “ಬನ್ನಿ ಅಮ್ಮ, ಇವತ್ತು ಹೋಗ್ಲಿಕ್ಕೂ ಆಗ್ತದೆ, ಬರ್ಲಿಕ್ಕೂ ಆಗ್ತದೆ. ಹನ್ನೊಂದೂವರೆಗೆ ಹೊರಡ್ಬೇಕು, ಗಾಳಿ ಬರುವ ಮೊದ್ಲು” ಎಂದರು. ಮಕ್ಕಳ ಜಾಕೆಟ್ಟು ಹದಿನೆಂಟು ಮಾತ್ರ ಇದ್ದುದರಿಂದ ತಂಡ ಎರಡಾಯಿತು. ಮೊದಲ ಸರದಿಯ ಮಕ್ಕಳು ಮರಳುವವರೆಗೆ ಎರಡನೆಯವರು ದಡದಲ್ಲಿ ಕುಳಿತು ಉಪ್ಪಿಟ್ಟು ತಿಂದರು.

ದ್ವೀಪದಲ್ಲಿ ಆ ಹುಡುಗಿ ಒಂದು ನೋಟ್‌ಬುಕ್ ಹಿಡಿದು ಕಂಬದಿಂದ ಕಂಬಕ್ಕೆ ನಡೆದಳು. ಒಣಗಿದ ಕಲ್ಲಿನ ಮೇಲೆ ಮಾತ್ರ ಕಾಲಿಡುತ್ತ, ಬೆರಳಿನಿಂದ ಮುಖಗಳನ್ನು ಎಣಿಸುತ್ತ ಬರೆದುಕೊಂಡಳು. ಆರು, ಐದು, ಆರು, ಆರು, ಐದು, ನಾಲ್ಕು. ಏಳು ಮುಖದ್ದೊಂದು ಸಿಗಲೇಬೇಕೆಂದು ಹುಡುಕುತ್ತಿದ್ದಾಗ ಹನ್ನೊಂದೂಕಾಲಕ್ಕೆ ಶಿಕ್ಷಕಿ ಕರೆದರು. “ಟೀಚರ್, ಇನ್ನೊಂದೇ ನಿಮಿಷ” ಎಂದಳು. ಶಿಕ್ಷಕಿ ಗಡಿಯಾರ ತೋರಿಸಿದರು. ಅವಳು ಪುಸ್ತಕ ಮುಚ್ಚಿ ಸಾಲಿನಲ್ಲಿ ಬಂದು ನಿಂತು, ತನ್ನ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿದಳು.